ಕಾಯುವ ಮೀಟರು

ಬೆಳಕು ಅಳೆಯುವ ಮೀಟರು ಅಕ್ಕನ ಕೈಜಾರಿ ಬಿದ್ದು ಸತ್ತಿತು. ಭಾರಿ ಎತ್ತರದಿಂದೇನೂ ಬೀಳಲಿಲ್ಲ, ಸ್ಟೂಲಿನ ಮೇಲೆ ಕೂತ ಗಿರಾಕಿಯ ಗದ್ದದಿಂದ ನೆಲದವರೆಗೆ, ಅಷ್ಟೇ. ಆದರೆ ಅದಕ್ಕೂ ವಯಸ್ಸಾಗಿತ್ತು, ಒಂದು ನೆಪ ಬೇಕಿತ್ತು. ಮುಳ್ಳು ಕೊನೆಯ ಅಂಕಿಯವರೆಗೆ ಒಮ್ಮೆ ಹೋಗಿ, ವಾಪಸು ಬಂದು ಮಲಗಿಬಿಟ್ಟಿತು. ಗಿರಾಕಿ ಗಾಬರಿಯಾಗಿ, "ನನ್ನ ಮುಖದಿಂದ ಏನಾದ್ರೂ ತೊಂದ್ರೆ ಆಯ್ತಾ?" ಎಂದಳು. ಇಲ್ಲವೆಂದು ತಮ್ಮ ಹೇಳಿದ. ಅವಳು ಪೂರ್ತಿ ನಂಬಲಿಲ್ಲ.

ಅಪ್ಪ ಬಿಟ್ಟುಹೋದ ಸ್ಟುಡಿಯೋ ಅದು. ಅಕ್ಕ, ತಮ್ಮ ಇಬ್ಬರಿಗೂ ಅದರೊಳಗೆ ಒಂದೊಂದು ಜಾಗ ಗೊತ್ತಾಗಿತ್ತು. ತಮ್ಮ ಕ್ಯಾಮೆರಾದ ಹಿಂದೆ, ಅಕ್ಕ ಗಿರಾಕಿಯ ಪಕ್ಕ. ಅವಳು ಮೀಟರನ್ನು ಗಿರಾಕಿಯ ಗದ್ದದ ಕೆಳಗೆ ಹಿಡಿದು "ಹೊಡಿ" ಎನ್ನಬೇಕು, ಇವನು ಫ್ಲ್ಯಾಶಿನ ಗುಂಡಿ ಒತ್ತಬೇಕು. ಮುಖಕ್ಕೆ ಬಿದ್ದ ಬೆಳಕು ಎಷ್ಟೆಂದು ಮೀಟರು ತೋರಿಸುತ್ತದೆ. "ಎಂಟು" ಎಂದು ಅಕ್ಕ ಹೇಳಿದರೆ ತಮ್ಮ ಕ್ಯಾಮೆರಾವನ್ನು ಎಂಟಕ್ಕೆ ತಿರುಗಿಸುತ್ತಾನೆ. ಮೀಟರಿನ ತುದಿಯಲ್ಲಿ ಬೆಳಕು ಹಿಡಿಯುವ ಒಂದು ಬಿಳಿಯ ಗುಂಡು ಇರುತ್ತದೆ, ಅದರ ಮುಖ ಯಾವಾಗಲೂ ಕ್ಯಾಮೆರಾದ ಕಡೆಗಿರಬೇಕು. ಅದಕ್ಕೆ ಆ ಮನೆಯಲ್ಲಿ ಅಪ್ಪನ ಕಾಲದಿಂದಲೂ ಬೋಳುತಲೆ ಎಂದೇ ಹೆಸರು.

ಮೀಟರು ಹಿಡಿಯುವ ನೆಪದಲ್ಲಿ ಅಕ್ಕ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದಳು. ಎರಡು ಬೆರಳಿನಿಂದ ಗಿರಾಕಿಯ ಗದ್ದವನ್ನು ತುಸು ಎತ್ತಿಬಿಡುತ್ತಿದ್ದಳು. ಅಷ್ಟಕ್ಕೇ ಎಂಥ ಸಿಡುಕುಮೋರೆಯೂ ಸಡಿಲವಾಗುತ್ತಿತ್ತು. ಆ ಊರಿನವರ ಫೋಟೋಗಳೆಲ್ಲ ಚೆನ್ನಾಗಿ ಬರುತ್ತಿದ್ದುದು ಆ ಎರಡು ಬೆರಳಿನಿಂದ. ಹೊಗಳಿಕೆ ಮಾತ್ರ ತಮ್ಮನ ಖಾತೆಗೆ ಜಮೆಯಾಗುತ್ತಿತ್ತು, ಅವನೂ ಬೇಡವೆನ್ನುತ್ತಿರಲಿಲ್ಲ.

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಅಕ್ಕ ಹಿನ್ನೆಲೆಯ ಪರದೆ ಮಡಚುತ್ತ ಹೇಳಿದಳು.

"ಈ ಸಲ ತಾನೇ ಫ್ಲ್ಯಾಶ್ ಹೊಡೆಯೋ ಮೀಟರ್ ತಗೋ. ಅದರ ಮೇಲೇ ಗುಂಡಿ ಇರುತ್ತಂತೆ. ಒತ್ತಿದ್ರೆ ಫ್ಲ್ಯಾಶೂ ಅದೇ ಹೊಡೆಯುತ್ತೆ, ಲೆಕ್ಕನೂ ಅದೇ ಹೇಳುತ್ತೆ. ಒಬ್ರೇ ಇದ್ರೂ ಕೆಲಸ ನಡೆಯುತ್ತೆ."

"ನಾವು ಇಬ್ರಿದ್ದೀವಲ್ಲ."

"ಈಗ ಇದ್ದೀವಿ," ಎಂದಳು ಅಕ್ಕ, ಪರದೆಯ ಮೂಲೆಗಳನ್ನು ಸರಿಯಾಗಿ ಕೂಡಿಸುತ್ತ.

ತಮ್ಮನಿಗೆ ಅರ್ಥವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅರ್ಥವಾಗಿತ್ತು. ಅರ್ಥವಾದದ್ದನ್ನು ಅರ್ಥವಾಗದ ಹಾಗೆ ಇಟ್ಟುಕೊಳ್ಳುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು.

ವಿಷಯ ಎದುರು ಸಾಲಿನ ಕನ್ನಡಕದ ಅಂಗಡಿಯವರದು. ಹೆಂಡತಿ ತೀರಿಹೋಗಿ ಬಹಳ ಕಾಲವಾಗಿದ್ದ, ಮೆತ್ತನೆ ಮಾತಿನ ಮನುಷ್ಯ. ತಲೆಯ ಮೇಲೆ ಹೆಸರಿಗೂ ಒಂದು ಕೂದಲಿರಲಿಲ್ಲ. ಮೊದಲ ಸಲ ಪಾಸ್‌ಪೋರ್ಟ್ ಫೋಟೋಕ್ಕೆಂದು ಬಂದು ಸ್ಟೂಲಿನ ಮೇಲೆ ಕೂತಾಗ, ಅಕ್ಕನ ಕೈಯಲ್ಲಿ ಮೀಟರು ವಾರೆಯಾಗಿತ್ತು. ಕ್ಯಾಮೆರಾದಲ್ಲಿ ಕಣ್ಣಿಟ್ಟಿದ್ದ ತಮ್ಮ ದಿನದ ಅಭ್ಯಾಸದಂತೆ, "ಬೋಳುತಲೆ ಸ್ವಲ್ಪ ನನ್ನ ಕಡೆ ತಿರುಗ್ಲಿ" ಎಂದುಬಿಟ್ಟ. ಆ ಮನುಷ್ಯ ವಿಧೇಯರಾಗಿ ಇವನ ಕಡೆ ತಿರುಗಿ, "ಇಷ್ಟು ಸಾಕಾ?" ಎಂದು ಕೇಳಿದರು. ಅಕ್ಕ ನಗು ತಡೆಯಲಾರದೆ ನೆಲದ ಮೇಲೆ ಕುಸಿದು ಕೂತಳು. ಮೀಟರಿನ ಗುಂಡಿನ ವಿಷಯ ಗೊತ್ತಾದ ಮೇಲೆ ಅವರೂ ನಕ್ಕರು. ಅಕ್ಕ ಹಾಗೆ ನಕ್ಕಿದ್ದನ್ನು ತಮ್ಮ ಅದಕ್ಕೆ ಮುಂಚೆ ನೋಡಿದ್ದು ಯಾವಾಗ ಎಂದರೆ, ನೆನಪಾಗುವುದಿಲ್ಲ.

ಅಂದಿನಿಂದ ಕನ್ನಡಕದವರಿಗೆ ಪಾಸ್‌ಪೋರ್ಟ್ ಫೋಟೋ ಮೇಲಿಂದ ಮೇಲೆ ಬೇಕಾಗತೊಡಗಿತು. ಅವರು ಪಕ್ಕದ ಊರಿಗೂ ಹೋದವರಲ್ಲ. "ಯಾವ ದೇಶ ಇಷ್ಟು ಫೋಟೋ ಕೇಳುತ್ತೆ ಸಾರ್?" ಎಂದು ತಮ್ಮ ಒಮ್ಮೆ ಕೇಳಿದ. "ಕೆಲವು ದೇಶಗಳು ತುಂಬಾ ಕಟ್ಟುನಿಟ್ಟು" ಎಂದು ಅವರು ಅಕ್ಕನ ಕಡೆ ನೋಡಿಕೊಂಡು ಹೇಳಿದರು. ತಮ್ಮ ಅಂದೂ ಅರ್ಥವಾಗದ ಹಾಗೆ ಇದ್ದ.

ಅಮ್ಮ ಹೋದಾಗ ಅವನಿನ್ನೂ ಚಡ್ಡಿ ಹಾಕುತ್ತಿದ್ದ. ಅವನ ಮೂಗು ಒರೆಸಿದ್ದು, ಅನ್ನ ಕಲಸಿ ಕೊಟ್ಟಿದ್ದು, ಅಪ್ಪನ ಕೊನೆಗಾಲದಲ್ಲಿ ಬಟ್ಟಲು ಹಿಡಿದು ಕೂತಿದ್ದು ಎಲ್ಲ ಅಕ್ಕನೇ. ಅವಳನ್ನು ಕೇಳಿಕೊಂಡು ಬಂದವರಿಗೆ, ಇವನದೊಂದು ದಡ ಹತ್ತಲಿ ಎನ್ನುತ್ತಿದ್ದಳು. ಇವನೀಗ ನಲವತ್ತು ದಾಟಿದ್ದ, ಕಾಲು ಇನ್ನೂ ನೀರಿನಲ್ಲೇ ಇತ್ತು. ಅವಳು ಹೋದರೆ ತಾನೇನಾಗುತ್ತೇನೋ ಎಂದು ಅವನಿಗೆ ನಿಜವಾಗಿ ಹೆದರಿಕೆಯಾಗುತ್ತಿತ್ತು. ಹೆದರಿಕೆ ಎಂದು ಒಪ್ಪಿಕೊಳ್ಳಲು ನಾಚಿಕೆ, ಅದಕ್ಕೇ ಸ್ಟುಡಿಯೋದ ಹಿತ ಎಂದು ಅದಕ್ಕೆ ಹೆಸರಿಟ್ಟುಕೊಂಡಿದ್ದ.

ಕ್ಯಾಮೆರಾ ಅಂಗಡಿಯಾಕೆ ಗಾಜಿನ ಮೇಲೆ ಮೂರು ಮೀಟರು ಇಟ್ಟಳು. ಮೊದಲನೆಯದು ಬಿಸಿಲಿನ ಬೆಳಕನ್ನಷ್ಟೇ ಅಳೆಯುವುದು. ಫ್ಲ್ಯಾಶ್ ಬಂದು ಹೋದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಅದನ್ನು ಅವಳೇ ತೆಗೆದು ಪಕ್ಕಕ್ಕಿಟ್ಟಳು.

"ಇದು ತಾನೇ ಹೊಡೆಯೋದು," ಎಂದು ಮೂರನೆಯದನ್ನು ಮುಂದೆ ತಳ್ಳಿದಳು. "ಫ್ಲ್ಯಾಶಿಗೆ ಒಂದು ಪುಟ್ಟ ಡಬ್ಬಿ ಸಿಕ್ಕಿಸಿಬಿಟ್ರೆ ಆಯ್ತು. ತಂತಿಗಿಂತಿ ಏನೂ ಬೇಡ. ಸ್ಟುಡಿಯೋದವರೆಲ್ಲ ಈಗ ಇದನ್ನೇ ಒಯ್ಯೋದು."

ತಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ತೂಕ ಜಾಸ್ತಿ ಎಂದ. ಅಂಗಡಿಯಾಕೆ ಎರಡನೆಯದನ್ನು ಅವನ ಇನ್ನೊಂದು ಕೈಯಲ್ಲಿಟ್ಟಳು, ಅದು ಇನ್ನೂ ಭಾರವಾಗಿತ್ತು. ಅಂಕಿ ಸಣ್ಣದು ಎಂದ. ಅವಳು ಒಂದು ಗುಂಡಿ ಒತ್ತಿ ಅಂಕಿ ದೊಡ್ಡದು ಮಾಡಿದಳು. ಬಣ್ಣ ಕಪ್ಪು ಎಂದ. ಅವಳು ಸುಮ್ಮನೆ ಅವನ ಮುಖ ನೋಡಿದಳು. ಮೂರೂ ಕಪ್ಪೇ ಇದ್ದವು.

"ಎರಡನೇದು ಏನು ಮಾಡುತ್ತೆ?" ಎಂದು ಕೇಳಿದ.

"ಅದು ಕಾಯುತ್ತೆ. ಫ್ಲ್ಯಾಶನ್ನ ಬೇರೆ ಯಾರಾದ್ರೂ ಹೊಡೀಬೇಕು. ಹೊಡೆದಾಗ ಓದುತ್ತೆ."

"ಎಷ್ಟು ಹೊತ್ತು ಕಾಯುತ್ತೆ?"

"ಒಂದು ನಿಮಿಷ. ಆಮೇಲೆ ಬೇಜಾರಾಗಿ ಆಫ್ ಆಗುತ್ತೆ. ನೀವು ಎಷ್ಟು ಜನ ಕೆಲಸ ಮಾಡೋದು?"

"ಇಬ್ರು," ಎಂದ ತಮ್ಮ, ಬೇಕಾದ್ದಕ್ಕಿಂತ ಜೋರಾಗಿ. "ಯಾವಾಗ್ಲೂ ಇಬ್ರೇ."

"ಹಾಗಾದ್ರೆ ಇದೇ ಸಾಕು ಬಿಡಿ," ಎಂದು ಅವಳು ಎರಡನೆಯದನ್ನು ಕಟ್ಟಿಕೊಟ್ಟಳು. ಅವನು ಯುದ್ಧ ಗೆದ್ದವನಂತೆ ಮನೆಗೆ ಬಂದ.

ಅಕ್ಕ ಡಬ್ಬಿ ಬಿಚ್ಚಿದಳು, ಹಿಂದೆ ಮುಂದೆ ನೋಡಿದಳು, ಇಲ್ಲದ ಗುಂಡಿಯನ್ನು ಹೆಬ್ಬೆರಳಿನಿಂದ ಒಮ್ಮೆ ಹುಡುಕಿದಳು. "ಸರಿ," ಎಂದು ಒಳಗೆ ಹೋದಳು. ಬಯ್ದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮಾರನೆಯ ಬೆಳಿಗ್ಗೆಯೇ ಕನ್ನಡಕದವರು ಬಂದರು. ಶರ್ಟು ಹೊಸದು. ಸ್ಟೂಲಿನ ಮೇಲೆ ಕೂತು ತಾವಾಗಿಯೇ ಗದ್ದ ಮುಂದೆ ಚಾಚಿದರು. ಅಕ್ಕ ಹೊಸ ಮೀಟರು ಹಿಡಿದು ನಿಂತಳು. ತಮ್ಮ ಕ್ಯಾಮೆರಾದಲ್ಲಿ ಕಣ್ಣಿಟ್ಟ. ಕ್ಯಾಮೆರಾದ ಹಿಂದಿರುವವನಿಗೆ ಕಿವಿಯಿರುವುದಿಲ್ಲ ಎಂದು ಗಿರಾಕಿಗಳು ಯಾಕೋ ನಂಬಿರುತ್ತಾರೆ.

"ಹೊಸದು ಬಂತಾ?" ಎಂದರು ಅವರು, ಮೆಲ್ಲಗೆ.

"ಬಂತು," ಎಂದಳು ಅಕ್ಕ. "ಇದೂ ಕಾಯೋದೇ."

ಕನ್ನಡಕದವರ ಮುಖದಲ್ಲಿದ್ದ ನಗು ಅಂಗಡಿಯ ದೀಪ ಆರಿಸಿದ ಹಾಗೆ ಹೋಯಿತು. "ಪರವಾಗಿಲ್ಲ," ಎಂದರು. "ಕಾಯೋಣ."

ತಮ್ಮನ ಬೆರಳು ಗುಂಡಿಯ ಮೇಲೇ ಇತ್ತು, ಒತ್ತಲಿಲ್ಲ. ಮೀಟರು ತನ್ನ ನಿಮಿಷ ಕಾದು ಆಫ್ ಆಯಿತು. ಅಕ್ಕ ಅದನ್ನು ಮತ್ತೆ ಆನ್ ಮಾಡಿ, ತಿರುಗಿ ನೋಡದೆ, "ಹೊಡಿಯೋ" ಎಂದಳು. ಅವನು ಹೊಡೆದ. ಅಕ್ಕ ಅಂಕಿ ಹೇಳಿದಳು, ಅವನು ಫೋಟೋ ತೆಗೆದ. ಬೆಳಕು ಅಳತೆಗೆ ಸರಿಯಾಗಿತ್ತು. ಫೋಟೋದಲ್ಲಿದ್ದ ಮನುಷ್ಯನ ಮುಖ ಮಾತ್ರ, ಹೋಗುವ ಬಸ್ಸನ್ನು ತಪ್ಪಿಸಿಕೊಂಡವನ ಹಾಗಿತ್ತು. ತಮ್ಮನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಇಷ್ಟು ದಿನ ಅರ್ಥವಾಗದ ಹಾಗೆ ಇದ್ದವನಿಗೆ ಇನ್ನು ಹಾಗಿರಲು ಆಗಲಿಲ್ಲ.

ಮಧ್ಯಾಹ್ನವೇ ಅಂಗಡಿಗೆ ಹೋಗಿ ಡಬ್ಬಿಯನ್ನು ಗಾಜಿನ ಮೇಲಿಟ್ಟ.

"ಇದಕ್ಕೇನಾಯ್ತು?" ಎಂದಳು ಅಂಗಡಿಯಾಕೆ.

"ಏನೂ ಆಗಿಲ್ಲ. ಕಾಯುತ್ತೆ."

"ಅದರ ಕೆಲಸವೇ ಕಾಯೋದು."

"ಅದಕ್ಕೇ ಬೇಡ. ತಾನೇ ಹೊಡೆಯೋದು ಕೊಡಿ."

"ಯಾವಾಗ್ಲೂ ಇಬ್ರೇ ಅಂದ್ರಲ್ಲ?"

"ಇನ್ಮೇಲೆ ಒಬ್ನೇ," ಎಂದ. ಅವಳು ಮೂರನೆಯದನ್ನು ಕಟ್ಟಿಕೊಟ್ಟು, ಕಪ್ಪು ಬಣ್ಣ ಪರವಾಗಿಲ್ಲವೇ ಎಂದು ಮಾತ್ರ ಕೇಳಿದಳು.

ಸ್ಟುಡಿಯೋಗೆ ಬಂದು ಫ್ಲ್ಯಾಶಿಗೆ ಪುಟ್ಟ ಡಬ್ಬಿ ಸಿಕ್ಕಿಸಿ, ಅಕ್ಕನನ್ನು ಕರೆದ.

"ಕೂತ್ಕೋ ಇಲ್ಲಿ."

"ನಾನ್ಯಾಕೆ?"

"ಮೀಟರ್ ಸರಿ ಇದ್ಯಾ ನೋಡ್ಬೇಕು. ಗಿರಾಕಿ ಯಾರೂ ಇಲ್ಲ."

ಅಷ್ಟು ವರ್ಷದಲ್ಲಿ ಅಕ್ಕ ಆ ಸ್ಟೂಲಿನ ಮೇಲೆ ಕೂತಿದ್ದೇ ಇಲ್ಲ. ಆ ಸ್ಟುಡಿಯೋದಲ್ಲಿ ಅವಳ ಫೋಟೋ ಎಂದರೆ, ಅವಸರದಲ್ಲಿ ಕೆಟ್ಟುಹೋದ ಚಿತ್ರಗಳ ಅಂಚಿನಲ್ಲಿ ಸಿಕ್ಕಿಕೊಂಡ ನಾಲ್ಕು ಬೆರಳು ಮಾತ್ರ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಕೂತಳು. ತಮ್ಮ ಕ್ಯಾಮೆರಾ ಬಿಟ್ಟು ಅವಳ ಹತ್ತಿರ ಬಂದು, ಮೀಟರನ್ನು ಗದ್ದದ ಕೆಳಗೆ ಹಿಡಿದ. ಚಿಕ್ಕಂದಿನಲ್ಲಿ ಅವಳು ತನ್ನ ಮುಖ ತೊಳೆಸುತ್ತಿದ್ದಾಗ ಬಿಟ್ಟರೆ ಅಷ್ಟು ಹತ್ತಿರದಿಂದ ಅವಳ ಮುಖವನ್ನು ಅವನು ನೋಡಿರಲಿಲ್ಲ. ಹುಬ್ಬಿನಲ್ಲೂ ಒಂದೆರಡು ಬಿಳಿ ಕೂದಲಿದ್ದವು. ಅವು ಯಾವಾಗ ಬಂದವೋ ಅವನಿಗೆ ಗೊತ್ತಿರಲಿಲ್ಲ.

ಅಕ್ಕ ಮೀಟರಿನ ಮೇಲಿದ್ದ ಗುಂಡಿಯನ್ನು ನೋಡಿದಳು. ಅವನನ್ನು ನೋಡಿದಳು. ಮತ್ತೆ ಗುಂಡಿಯನ್ನು ನೋಡಿದಳು. ಕೊನೆಗೆ ಬಾಯಿಗೆ ಬಂದ ಬೈಗುಳಕ್ಕೇ ಕೈಹಾಕಿದಳು.

"ಇಷ್ಟು ವರ್ಷ ಏನು ಕಲಿತ್ಯೋ ದಡ್ಡ? ಬೋಳುತಲೆ ನನ್ನ ಮುಖಕ್ಕೆ ಹಿಡಿದಿದ್ದೀಯ. ಆ ಕಡೆ ತಿರುಗಿಸು."

"ಅಕ್ಕಾ," ಎಂದ ತಮ್ಮ, ಮೀಟರು ತಿರುಗಿಸುತ್ತ. "ಇನ್ಮೇಲೆ ಭಾವನಿಗೆ ಹಾಗೆಲ್ಲ ಅನ್ನಬೇಡ."

ಅಕ್ಕನ ಕೈ ಮಡಿಲಲ್ಲಿ ನಿಂತಲ್ಲೇ ನಿಂತಿತು. ಅವನು ಗುಂಡಿ ಒತ್ತಿದ. ಫ್ಲ್ಯಾಶ್ ತನ್ನಷ್ಟಕ್ಕೆ ಹೊಡೆಯಿತು. ಯಾರೂ ಯಾರಿಗೂ "ಹೊಡಿ" ಎನ್ನಬೇಕಾಗಲಿಲ್ಲ.

"ಎಷ್ಟು?" ಎಂದಳು ಅಕ್ಕ.

"ಎಂಟು."

ಅವನು ವಾಪಸು ಹೋಗಿ ಕ್ಯಾಮೆರಾವನ್ನು ಎಂಟಕ್ಕೆ ತಿರುಗಿಸಿ, ಕಣ್ಣಿಟ್ಟು ನೋಡಿದ. ಅಕ್ಕ ತಲೆ ತಗ್ಗಿಸಿ ಕೂತಿದ್ದಳು. ಗದ್ದ ತುಸು ಮೇಲೆ ಬರಬೇಕಿತ್ತು. ಎತ್ತಲು ಅವಳ ಪಕ್ಕದಲ್ಲಿ ಯಾರೂ ಇರಲಿಲ್ಲ. ತಮ್ಮ ಮತ್ತೆ ಅಷ್ಟು ದೂರ ನಡೆದುಹೋಗಿ, ಎರಡು ಬೆರಳಿನಿಂದ ಅದನ್ನು ಎತ್ತಿ ಬಂದು, ಫೋಟೋ ತೆಗೆದ.