ಹಸಿರು ಮೌತ್‌ಪೀಸ್

ವಿನ್ನೆಬಾ ಊರಿನಲ್ಲಿ ಶವಯಾತ್ರೆಗೆ ಊದುವ ಬ್ಯಾಂಡಿನಲ್ಲಿ ಮೊದಲ ಟ್ರಂಪೆಟ್ ಅರಬಾಳದು. ಅವಳು ಎತ್ತಿಕೊಟ್ಟ ಹಾಡನ್ನೇ ಮಿಕ್ಕವರು ಹಿಡಿಯಬೇಕು. ಶನಿವಾರ ಅವಳ ಗುರು ಪಾಪಾ ಯಾಂಸನ್‌ರ ಶವಯಾತ್ರೆ. ಗುರುವಾರವೇ ಅವಳ ಮೇಲ್ದುಟಿ ಬಾತು, ಗುಳ್ಳೆಯೆದ್ದು ಕೂತಿತ್ತು.

ಈ ಬ್ಯಾಂಡಿನವರಿಗೆ ಹೊಳಪಿನ ಹುಚ್ಚು. ಸಾವಿನ ಮನೆಗೆ ಹೋಗುವ ಮುನ್ನ ವಾದ್ಯಗಳಿಗೆ ಬೂದಿ, ನಿಂಬೆಹುಳಿ ಹಾಕಿ ತಿಕ್ಕಲೇಬೇಕು. ಮಂಕು ವಾದ್ಯ ಹಿಡಿದು ಹೋದರೆ ಸತ್ತವರಿಗೆ ಅವಮಾನವಂತೆ. ಪಾಪಾ ತಮ್ಮ ಟ್ರಂಪೆಟ್ಟಿನ ಮೌತ್‌ಪೀಸನ್ನು, ಅಂದರೆ ತುಟಿಯಿಟ್ಟು ಊದುವ ತುದಿಯನ್ನು, ಅರಬಾಳಿಗೆ ಕೊಡುವಷ್ಟರಲ್ಲಿ ಅದರ ಬೆಳ್ಳಿ ಲೇಪವೆಲ್ಲ ತಿಕ್ಕಿ ತಿಕ್ಕಿ ಸವೆದುಹೋಗಿತ್ತು. ಉಳಿದದ್ದು ಬರಿ ಹಿತ್ತಾಳೆ. ಅದು ಫಳಫಳ ಹೊಳೆಯುತ್ತಿದ್ದುದರಿಂದ ಯಾರಿಗೂ ಅನುಮಾನವೇ ಬರಲಿಲ್ಲ, ಬುದ್ಧಿವಂತರಿಗೆ!

"ಬರಿ ಹಿತ್ತಾಳೆ ಎಲ್ಲರ ತುಟಿಗೂ ಆಗಲ್ಲ ಕಣಮ್ಮಾ," ಎಂದ ಊರಿನ ವಾದ್ಯಗಳನ್ನು ರಿಪೇರಿ ಮಾಡುವ ಲೇತ್ ಯಂತ್ರದ ಕೋಜ್ವೊ. "ಎಂಜಲು ತಾಗಿದ್ರೆ ಕಿಲುಬು ಬಿಡುತ್ತೆ."

"ಮತ್ತೆ ಬೆಳ್ಳಿ ಹಾಕಿಸಿಕೊಡಣ್ಣಾ."

"ಅಕ್ರಾಕ್ಕೆ ಕಳಿಸ್ಬೇಕು. ಮುಂದಿನ ವಾರದ ಮಾತು. ಇಲ್ಲಿರೋದು ಎರಡೇ. ಒಂದು ಸ್ಟೀಲು, ಇನ್ನೊಂದು ಪ್ಲಾಸ್ಟಿಕ್ಕು."

ಪ್ಲಾಸ್ಟಿಕ್ಕಿನದು ಗಿಳಿಹಸಿರು. ಅರಬಾಳಿಗೆ ಅದನ್ನು ನೋಡಿಯೇ ಅಳು ಬಂತು. ಆದರೂ ಮೂರನ್ನೂ ಮನೆಗೆ ತಂದು, ಯಾವುದು ಮೈಗೆ ಆಗುತ್ತದೋ ನೋಡೋಣವೆಂದು ಮುಂಗೈಯ ಒಳಬದಿಗೆ ಸಾಲಾಗಿ ಬಟ್ಟೆಯಿಂದ ಬಿಗಿದು ಕಟ್ಟಿಕೊಂಡಳು. ಮರುದಿನ ಬಿಚ್ಚಿದಾಗ ಹಿತ್ತಾಳೆಯಡಿ ಕೆಂಪು ಉಂಗುರವೆದ್ದಿತ್ತು. ಸ್ಟೀಲಿನಡಿಯೂ ತುರಿಕೆ. ಹಸಿರಿನಡಿ ಏನೂ ಇರಲಿಲ್ಲ. ಊದಿ ನೋಡಿದಳು. ದನಿಗೆ ಹಿತ್ತಾಳೆಯ ಚೂಪಿಲ್ಲ, ಆದರೆ ತುಟಿ ಉರಿಯದೆ ಹಾಡು ಕೊನೆ ಮುಟ್ಟಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಲಾಗುತ್ತದೆಯೇ? ಹಸಿರೇ ಸರಿ ಎಂದುಕೊಂಡಳು.

ಶನಿವಾರ ಎಲ್ಲರೂ ಸಾವಿನ ಕಪ್ಪು ಕೆಂಪು ಉಟ್ಟು ಪಾಪಾರ ಮನೆಯೆದುರು ನಿಂತಿದ್ದಾಗ ಟ್ಯೂಬಾದ ಎಬೊ ಕಿಸಕ್ಕನೆ ನಕ್ಕ. "ಏನೇ ಅರಬಾ, ಶಾಂಪೂ ಬಾಟ್ಲಿ ಮುಚ್ಚಳ ಸಿಗಿಸ್ಕೊಂಡು ಬಂದಿದ್ದೀಯ?"

"ನಿನ್ನ ಬಾಯಿಗಾದ್ರೆ ಬಿರಡೆನೇ ಬೇಕು," ಎಂದಳು. ಕಣ್ಣು ಮಾತ್ರ ಬಾಗಿಲತ್ತಲೇ ಇತ್ತು. ಪಾಪಾರ ಹೆಂಡತಿ ಮಾಮೆ ಎಸೆನೆಂ ಈ ಹಸಿರು ಬೇಡವೆಂದರೆ ಇವತ್ತು ಗುರುವಿಗೆ ಹಾಡು ಎತ್ತಿಕೊಡುವವರು ಬೇರೆಯವರು.

ಮಾಮೆ ಬಾಗಿಲಲ್ಲೇ ತಡೆದಳು. "ಅವರ ಮೌತ್‌ಪೀಸೆಲ್ಲೇ?"

ಅರಬಾ ಜೇಬಿನಿಂದ ತೆಗೆದುಕೊಟ್ಟಳು. "ಕ್ಷಮಿಸು, ಮಾಮೆ. ಇದನ್ನ ಊದಕ್ಕಾಗ್ತಿಲ್ಲ. ನೋಡು," ಎಂದು ತುಟಿ ತೋರಿಸಿದಳು.

ಮಾಮೆ ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ಎಷ್ಟು ಹೊತ್ತಾದರೂ ಬಿಡಲಿಲ್ಲ.

"ಅವರಿಗೂ ಹಿಂಗೇ ಆಗಿತ್ತು. ಇದೇ ಗುಳ್ಳೆ. ತುಟಿಗೆ ವಯಸ್ಸಾಯ್ತು ಕಣೇ, ಇನ್ನು ಮುಗೀತು ಅಂತ ಊದೋದು ಬಿಟ್ರು. ಆಮೇಲೆ ಸಂಜೆಯಾದ್ರೆ ಸುಮ್ನೆ ಅಂಗಳದಲ್ಲಿ ಕೂತಿರೋರು." ಅವಳು ಅರಬಾಳ ಗದ್ದ ಬಿಟ್ಟಳು. "ನಿನಗಿನ್ನೂ ಎಷ್ಟು ವಯಸ್ಸಾಯ್ತು?"

"ವಯಸ್ಸಲ್ಲ, ಮಾಮೆ. ಹಿತ್ತಾಳೆ. ಬೆಳ್ಳಿ ಹೋಗಿದೆ, ಅಷ್ಟೇ."

"ಅಷ್ಟೇನಾ? ಇಷ್ಟಕ್ಕೇ ಅವರು ಊದೋದು ಬಿಟ್ರಾ?"

ಹೇಳಬಾರದಿತ್ತೇನೋ ಎಂದು ಅರಬಾಳಿಗೆ ಅನ್ನಿಸಿತು. ಶವಪೆಟ್ಟಿಗೆ ಹೊರುವವರು ಆಗಲೇ ಹೆಗಲು ಕೊಟ್ಟಿದ್ದರು. ಬ್ಯಾಂಡಿನವರೆಲ್ಲ ಅವಳತ್ತಲೇ ನೋಡುತ್ತಿದ್ದರು.

ಮಾಮೆ ಕಣ್ಣೊರೆಸಿಕೊಂಡು ದಾರಿ ಬಿಟ್ಟಳು. "ಊದು ಮಗಳೇ. ಜೋರಾಗಿ ಊದು. ಅವರು ಬಿಟ್ಟ ಕಡೆಯಿಂದ ಊದು."