ಭಾವ ಹಚ್ಚಿಸಿದ ಬೆಂಕಿ

1948ರ ಆಗಸ್ಟ್. ಮಮೊರೆ ನದಿಯ ಬಯಲಲ್ಲಿ ಹಳೆ ಹುಲ್ಲು ಸುಡುವ ತಿಂಗಳು. ನನ್ನಕ್ಕನ ಗಂಡ ಎವಾರಿಸ್ತೊ ಬೆಳಿಗ್ಗೆ ಆಳುಗಳಿಂದ ಬಡಗಣ ಹುಲ್ಲುಗಾವಲಿಗೆ ಬೆಂಕಿ ಹಚ್ಚಿಸಿದ್ದ. ಆಮೇಲೆ ನನ್ನನ್ನು ಟ್ರಿನಿದಾದ್ ಪೇಟೆಗೆ ಬಿಟ್ಟುಬರಲು ತನ್ನ ಎರಡು ಸೀಟಿನ ವಿಮಾನ ಹತ್ತಿಸಿಕೊಂಡವನು, ಬೆಂಕಿ ಹೇಗೆ ಹರಿಯುತ್ತಿದೆ ನೋಡಿಯೇ ಹೋಗೋಣವೆಂದು ಆ ಕಡೆಗೆ ತಿರುಗಿಸಿದ.

ಬೂಟಿನ ಹಿಮ್ಮಡಿಗೆ ಕುದುರೆ ತಿವಿಯುವ ಮುಳ್ಳುಚಕ್ರ ಕಟ್ಟಿಕೊಂಡೇ ಹಾರುತ್ತಿದ್ದ. "ಬಿಚ್ಚಿಡಿ ಭಾವ, ಇದೇನು ಕುದುರೆನಾ?" ಎಂದು ಏರುವಾಗಲೇ ಅಂದಿದ್ದೆ.

"ಇದಿಲ್ದೆ ಇಳಿದ್ರೆ ಆಳುಗಳು ನಗ್ತಾರೆ ಕಣೇ ಎದುವಿನಾ. ಯಜಮಾನ ಅನ್ನಲ್ಲ, ಗುಮಾಸ್ತ ಅಂತಾರೆ."

ಹೊಗೆಯೊಳಗೆ ಏನೂ ಕಾಣಲಿಲ್ಲ. ತಿರುಗಿಸಲು ಪೆಡಲ್ ಒತ್ತಿದ. ಮುಳ್ಳುಚಕ್ರ ಅದರ ಹಿಂದಿನ ತಂತಿಗೆ ಸಿಕ್ಕಿ ಕಾಲು ವಾಪಸು ಬರಲಿಲ್ಲ. ವಿಮಾನ ಒಂದೇ ಪಕ್ಕಕ್ಕೆ ವಾಲುತ್ತ ಹೋಗಿ, ತಾಳೆಮರಕ್ಕೆ ತಾಗಿ, ಎದೆಮಟ್ಟದ ಹುಲ್ಲಿಗೆ ಕುಸಿಯಿತು.

ವಿಮಾನಕ್ಕೆ ಹೊದಿಸಿದ್ದ ಬಟ್ಟೆ ಪಕ್ಕದಲ್ಲಿ ಹರಿದಿತ್ತು, ಅಲ್ಲಿಂದ ನಾನು ಹೊರಬಿದ್ದೆ. ಭಾವನಿಗೆ ಆಗಲಿಲ್ಲ. ಇಂಜಿನ್ ಹಿಂದಕ್ಕೆ ನುಗ್ಗಿ ಪೆಡಲಿನ ಕೆಳಗೆ ಪಾದ ಕಚ್ಚಿಕೊಂಡಿತ್ತು. ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಬಡಗಣದಿಂದ ಚಟಪಟ ಸದ್ದು ಗಾಳಿಯ ಜೊತೆ ಬರುತ್ತಿತ್ತು.

"ಎಷ್ಟು ಹೊತ್ತು?" ಎಂದೆ.

"ಅರ್ಧ ಗಂಟೆ. ಗಾಳಿ ಜೋರಾದ್ರೆ ಅದೂ ಇಲ್ಲ. ನೀನು ಹೋಗೇ. ನಿಂಗೆ ಮನೇಲಿ ನಾಲ್ಕು ಮಕ್ಕಳಿವೆ."

"ಅಕ್ಕಂಗೆ ಏನಂತ ಹೇಳಲಿ? ನಿಮ್ಮ ಲೈಟರ್ ಕೊಡಿ."

ಉರಿ ಬರುವಾಗ ಅದರ ಮುಂದಿನ ಹುಲ್ಲನ್ನು ನಾವೇ ಮೊದಲು ಸುಟ್ಟು, ಆ ಕರಿ ನೆಲದ ಮೇಲೆ ನಿಲ್ಲುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಪೆಟ್ರೋಲ್ ಇದ್ದಲ್ಲಿ ಹಚ್ಚುವಂತಿಲ್ಲ. ಗಾಳಿ ಹೋಗುವ ಕಡೆಗೆ ಅರವತ್ತು ಹೆಜ್ಜೆ ನಡೆದು ಹಚ್ಚಿದೆ. ಉರಿ ತೆಂಕಣಕ್ಕೆ ಓಡಿತು. ವಿಮಾನದ ಕಡೆ ತೆವಳಿದ್ದನ್ನು ಲಂಗ ಬಿಚ್ಚಿ ಬಡಿದೆ. ಇನ್ನು ಭಾವನನ್ನು ಅಲ್ಲಿಗೆ ತರಬೇಕಿತ್ತು.

ಅವನದೇ ಚಾಕುವಿನಿಂದ ಬೂಟು ಸೀಳತೊಡಗಿದೆ.

"ಅಯ್ಯೋ, ಅಪ್ಪನ ಬೂಟು ಕಣೇ!"

"ಅಪ್ಪನ ಹತ್ರಾನೇ ಹೋಗ್ತೀರಾ ಹಾಗಾದ್ರೆ? ಸುಮ್ನಿರಿ."

ಚರ್ಮ ಬಿಚ್ಚಿಕೊಂಡಿತು, ಪಾದ ಮಾತ್ರ ಬರಲಿಲ್ಲ. ಊದಿಕೊಂಡು ಕಬ್ಬಿಣದೊಳಗೆ ತುಂಬಿಕೊಂಡಿತ್ತು. ಬಿಸಿ ನನ್ನ ಬೆನ್ನಿಗೆ ತಾಗುತ್ತಿತ್ತು. ಬೂದಿ ಕೂದಲ ಮೇಲೆ ಉದುರುತ್ತಿತ್ತು.

"ಎಳಿ. ನಾನು ಕೂಗಿದ್ರೂ ಬಿಡ್ಬೇಡ," ಎಂದ.

ಬಿಡಲಿಲ್ಲ. ಮೂಳೆ ಮುರಿದದ್ದು ನನ್ನ ಕೈಗೇ ತಿಳಿಯಿತು. ಅವನು ಕೂಗಿದ, ಬೈದ, ದೇವಮಾತೆಯನ್ನೂ ನನ್ನನ್ನೂ ಒಟ್ಟಿಗೆ ಕರೆದ. ಪಾದ ಹೊರಬಂತು, ಎರಡು ಬೆರಳು ಒಳಗೇ ಉಳಿದವು.

ಕಂಕುಳಿಗೆ ಕೈಹಾಕಿ ಕರಿ ನೆಲಕ್ಕೆ ಎಳೆದು ತಂದೆ. ವಿಮಾನ ಒಂದೇ ಉಸಿರಿಗೆ ಹತ್ತಿಕೊಂಡಿತು. ಬೆಂಕಿ ಎಡಕ್ಕೂ ಬಲಕ್ಕೂ ಸೀಳಿಕೊಂಡು ನಮ್ಮನ್ನು ಬಳಸಿ ಹೋಯಿತು. ಸುತ್ತಲೂ ಕೆಂಡ. ಕುಳಿತಲ್ಲೂ ಸುಡುತ್ತಿತ್ತು.

"ಹೊಗೆ ನೋಡಿ ಯಾರಾದ್ರೂ ಬರ್ತಾರೆ," ಎಂದ ಭಾವ.

"ಈ ತಿಂಗಳಲ್ಲಿ ಹೊಗೆ ಯಾರು ನೋಡ್ತಾರೆ ಭಾವ? ಊರೆಲ್ಲ ಹೊಗೇನೇ."

ಕೆಂಡ ಆರುವವರೆಗೆ ಕಾದೆ. ಆಮೇಲೆ ಬೆನ್ನು ಬಗ್ಗಿಸಿ, "ಹತ್ತಿ," ಎಂದೆ.