ಕಾಲುವೆಯ ಕೊನೆಯ ಹನ್ನೊಂದು ಮನೆ

ಅಕ್ಕ ಅಡುಗೆಮನೆಯ ಗೋಡೆ ಕೆರೆಯುತ್ತಿದ್ದಳು. ಗೋಡೆಯ ಬುಡದಲ್ಲಿ ಎದ್ದ ಬಿಳಿ ಉಪ್ಪನ್ನು ಮೊಂಡು ಕತ್ತಿಯಿಂದ ಕೆರೆದು ಮೊರಕ್ಕೆ ತುಂಬುವುದು ದಿನದ ಕೆಲಸವೇ ಆಗಿಹೋಗಿತ್ತು. ನಿನ್ನೆ ಕೆರೆದಲ್ಲೇ ಇವತ್ತು ಮತ್ತೆ ಎದ್ದಿರುತ್ತಿತ್ತು. ಹಿತ್ತಲಾಚೆಯ ಹೊಲದಲ್ಲೂ ಅದೇ ಬಿಳುಪು. ಅರ್ಧ ಹೊಲದಲ್ಲಿ ಮೆಕ್ಕೆಜೋಳ ಮೊಳೆತೇ ಇರಲಿಲ್ಲ.

ಅವರದು ಕಾಲುವೆಯ ಮೊದಲ ಹೊಲ. ಅವಳ ತಂಗಿಯನ್ನು ಕೊಟ್ಟದ್ದು ಅದೇ ಕಾಲುವೆಯ ಕೊನೆಯ ಊರಿಗೆ.

ಹಿಂದೆ ಹೊಲಹೊಲಕ್ಕೆ ನೀರು ಹಂಚುತ್ತಿದ್ದ ನೀರಗಂಟಿ ತಾತ ಬಾಗಿಲಲ್ಲಿ ಬಂದು ನಿಂತ.

"ಏನು ತಾಯಿ, ನೀನು ಗೋಡೆ ಕೆರೀತಿದೀಯೋ, ಗೋಡೆನೇ ನಿನ್ನ ಕೆರೀತಿದೆಯೋ?"

"ಅಡುಗೆಗೆ ಉಪ್ಪು ಬೇಕಾದ್ರೆ ಹೇಳಿ ತಾತ, ಮೊರದ ತುಂಬ ಇದೆ" ಎಂದಳು ಅಕ್ಕ. ಇಬ್ಬರಿಗೂ ನಗು ಬರಲಿಲ್ಲ.

ಅಕ್ಕನ ಯಜಮಾನ ಒಳಗಿನಿಂದ ಬಂದ. "ಮಣ್ಣಿಗೆ ಏನೋ ರೋಗ ತಾತ. ಇನ್ನಷ್ಟು ನೀರು ಹಾಯಿಸಿದ್ರೆ ತೊಳೆದು ಹೋಗುತ್ತೆ."

"ರೋಗ ಮಣ್ಣಿಗಲ್ಲ ಕಣೋ. ನಿನ್ನ ತೂಬು ಮುಚ್ಚಿ ಎಷ್ಟು ವರ್ಷ ಆಯ್ತು?"

ಒಮ್ಮೆ ಮುಚ್ಚಿದರೆ ನಾಳೆ ನೀರು ಸಿಗುವುದಿಲ್ಲವೇನೋ ಎಂಬ ಭಯಕ್ಕೆ ಯಜಮಾನ ಕಾಲುವೆಯಿಂದ ಹೊಲಕ್ಕೆ ನೀರು ಬಿಡುವ ತೂಬಿನ ಹಲಗೆಯನ್ನೇ ಕಿತ್ತು ಬಚ್ಚಲಿಗೆ ಹಾಸಿಬಿಟ್ಟಿದ್ದ. ಮೇಲಿನ ಹೊಲದವರೆಲ್ಲ ಹಾಗೇ ಮಾಡಿದ್ದರು.

"ಅಲ್ಲ ತಾತ, ಎಣ್ಣೆ ಹೆಚ್ಚಾದ್ರೆ ದೀಪ ಆರುತ್ತಾ?" ಎಂದ.

"ಬತ್ತಿ ಮುಳುಗಿದ್ರೆ ಆರುತ್ತೆ."

ತಾತ ಹೊಲಕ್ಕಿಳಿದು ಗೇಣುದ್ದ ಅಗೆದು ಒಂದು ಹಿಡಿ ಮಣ್ಣು ಹಿಸುಕಿದ. ಬೆರಳ ಸಂದಿಯಿಂದ ನೀರು ಒಸರಿತು.

"ಮಣ್ಣು ಉಂಡೆ ಕಟ್ಟಿದ್ರೇ ನೀರು ಬೇಡ ಅಂತ. ಇದು ಅಳ್ತಾನೇ ಇದೆ. ನೆಲದೊಳಗಿನ ಉಪ್ಪು ನೀರಿನ ಜೊತೆ ಮೇಲೆ ಬರುತ್ತೆ. ನೀರು ಆರುತ್ತೆ, ಉಪ್ಪು ಕೂರುತ್ತೆ. ತೂಬು ಮುಚ್ಚು. ಬಸಿಗಾಲುವೆ ತೋಡಿ ನಿಂತ ನೀರನ್ನ ಹೊರಗೆ ಬಿಡು."

ಬದುವಿನ ಮೇಲೆ ಕೂತು ತಾತ ಹಳೆಯ ಮಾತು ತೆಗೆದ. "ನಮ್ಮಜ್ಜನ ಕಾಲದಲ್ಲಿ ಹೊಳೆಗೆ ಬರೀ ಕಲ್ಲಿನ ಕಟ್ಟೆ. ಪ್ರತಿ ವರ್ಷ ಒಡೆಯೋದು. ಕೊನೆಯ ಊರಿನವರು ಬರದೆ ಆ ಕಲ್ಲು ಏಳ್ತಾನೇ ಇರ್ಲಿಲ್ಲ. ಅದಕ್ಕೇ ಮೊದಲ ನೀರು ಕೊನೆಯ ಹೊಲಕ್ಕೆ. ಹಂಡೆ ನೀರಲ್ಲಿ ತೂತಿನ ತಾಮ್ರದ ಬಟ್ಟಲು ತೇಲಿಬಿಡೋರು, ಅದು ಮುಳುಗಿದ್ರೆ ಒಬ್ಬರ ಸರದಿ ಮುಗೀತು. ಆಮೇಲೆ ಅಣೆಕಟ್ಟು ಬಂತು, ದೊಡ್ಡ ಕಾಲುವೆ ಬಂತು. ಒಳ್ಳೇದೇ ಆಯ್ತು. ಆದ್ರೆ ಕಲ್ಲು ಎತ್ತೋಕೆ ಕೊನೆಯವರು ಬೇಕಾಗ್ಲಿಲ್ಲ. ಬೇಡವಾದವರ ಸರದಿ ಯಾರು ನೆನೆಸ್ಕೋತಾರೆ? ಪಂಪು ಬಂದ ಮೇಲೆ ನೀರು ಎಳ್ಕೊಳ್ಳೋಕೆ ಯಾರಿಗೂ ನೀರಗಂಟಿ ಬೇಡ, ನನ್ನನ್ನೂ ಮನೆಗೆ ಕಳಿಸಿದ್ರಿ."

ಕೇಳುತ್ತಿದ್ದ ಅಕ್ಕ ಮನೆಯೊಳಗೆ ಹೋಗಿ ಪೆಟ್ಟಿಗೆಯ ಅಡಿಯಿಂದ ಮಡಚಿದ ಕಾಗದವೊಂದನ್ನು ತಂದಳು. ಆರು ವರ್ಷದ ಹಿಂದೆ ತಂಗಿ ಕಳಿಸಿದ್ದು. ನೀರಾವರಿ ಕಚೇರಿಗೆ ಅರ್ಜಿ: ಸರದಿ ಮತ್ತೆ ಜಾರಿಗೆ ಬರಲಿ, ಕೊನೆಯ ಹೊಲಕ್ಕೆ ಮೊದಲು ನೀರು ಬಿಡಿ. ಕೆಳಗೆ ಕೊನೆಯ ಊರಿನ ಹನ್ನೊಂದು ಮನೆಯವರ ರುಜು. ಅಂಚಿನಲ್ಲಿ ತಂಗಿಯ ಅಕ್ಷರ: "ಮೊದಲ ಹೊಲದವರೇ ಒಪ್ಪಿದರೆ ಕಚೇರಿಯವರು ಕೇಳುತ್ತಾರೆ. ಭಾವನ ರುಜು ಹಾಕಿಸಿ ನೀನೇ ಕಳಿಸಕ್ಕಾ." ಯಜಮಾನ ಆಗ ಒಪ್ಪಿರಲಿಲ್ಲ. ಮನೆಯಲ್ಲಿ ಜಗಳವೇಕೆಂದು ಅಕ್ಕ ಅದನ್ನು ಸೀರೆಗಳ ಕೆಳಗೆ ಇಟ್ಟುಬಿಟ್ಟಿದ್ದಳು.

ಈಗ ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟಳು. "ಬಡಗಿ ಮನೆಗೆ ಬೀಗ. ಈ ಅಣ್ಣತಮ್ಮಂದಿರು ಇಟ್ಟಿಗೆ ಗೂಡಿಗೆ ಹೋದ್ರು. ನನ್ನ ತಂಗಿಯ ಹೆರಿಗೆ ಮಾಡಿದ ಸೂಲಗಿತ್ತಿ ಇವಳು, ಮಗಳ ಊರಿಗೆ ಹೋಗಿ ಅಲ್ಲೇ ತೀರ್ಕೊಂಡ್ಲು. ಹನ್ನೊಂದರಲ್ಲಿ ಉಳಿದಿದ್ದು ಎರಡು. ಈ ಬಿತ್ತನೆಗೂ ನೀರು ಬರದಿದ್ರೆ ತಂಗೀನೂ ಊರು ಬಿಡ್ತಾಳಂತೆ."

ಯಜಮಾನ ಕಾಗದವನ್ನು ಕೈಗೆ ತೆಗೆದುಕೊಂಡ. "ಆಗಲೇ ಗಟ್ಟಿಯಾಗಿ ಹೇಳಬಾರದಿತ್ತೇನೇ?"

"ಹೇಳ್ಬೇಕಿತ್ತು ರೀ. ನೀವು ನೀರು ಹಿಡಿದಿಟ್ರಿ, ನಾನು ಕಾಗದ ಹಿಡಿದಿಟ್ಟೆ."

"ನಾನೊಬ್ಬ ಮುಚ್ಚಿದ್ರೆ ಪಕ್ಕದವನು ಎಳ್ಕೋತಾನಲ್ಲ ತಾತ?"

"ಅದಕ್ಕೇ ಅರ್ಜಿ. ಸರದಿ ಅಂತ ಆದ್ಮೇಲೆ ಅವನಿಗೂ ಒಂದೇ, ನಿನಗೂ ಒಂದೇ. ಮೊದಲನೆಯವನು ಮುಚ್ಚದೆ ಎರಡನೆಯವನಿಗೆ ಬುದ್ಧಿ ಹೇಳೋ ಬಾಯಿ ಯಾರಿಗಿದೆ?"

ಯಜಮಾನ ಬಚ್ಚಲಿನ ಹಲಗೆ ಎತ್ತಿ ತಂದು ತೂಬಿಗೆ ಇಳಿಸಿದ. ಕೈ ಒರೆಸಿಕೊಂಡು ರುಜು ಹಾಕಿದ.

ಅಕ್ಕತಂಗಿಯರೇ, ಅಣ್ಣಂದಿರೇ, ನಿಮ್ಮ ಕಾಲುವೆಗೂ ಒಂದು ಕೊನೆ ಇದೆ. ಈ ವಾರ ಅಲ್ಲಿಯವರೆಗೂ ನಡೆದು ಹೋಗಿ. ಯಾರ ಬಾಗಿಲಿಗೆ ಬೀಗ ಬಿದ್ದಿದೆ, ಯಾರು ಇನ್ನೂ ಕಾಯುತ್ತಿದ್ದಾರೆ, ಕಣ್ಣಾರೆ ನೋಡಿ. ನೀರು ಹಾಯಿಸುವ ಮೊದಲು ಒಂದು ಹಿಡಿ ಮಣ್ಣು ಹಿಸುಕಿ. ಉಂಡೆ ಕಟ್ಟಿದರೆ ತೂಬು ಮುಚ್ಚಿ. ಸರದಿಗೆ ಒಪ್ಪಿಕೊಳ್ಳಿ, ಇವತ್ತೇ ಒಪ್ಪಿಕೊಳ್ಳಿ. ಹೋದವರು ನೀರು ಬಂತೆಂದು ತಿರುಗಿ ಬರುವುದಿಲ್ಲ.

ಮಧ್ಯಾಹ್ನ ಅಕ್ಕ ಅಂಚೆ ಕಚೇರಿಯ ಕಟ್ಟೆಯ ಮೇಲೆ ಕಾಗದ ಮಡಚುವಾಗ ಗುಮಾಸ್ತ ಬಗ್ಗಿ ನೋಡಿದ. "ತಾರೀಖು ಆರು ವರ್ಷ ಹಳೇದಿದೆಯಲ್ಲಮ್ಮ, ತಿದ್ದಿಬಿಡಿ."

"ಬೇಡಪ್ಪ, ಹಾಗೇ ಇರ್ಲಿ. ಎಷ್ಟು ತಡ ಮಾಡಿದೀವಿ ಅಂತ ಅವರಿಗೂ ಗೊತ್ತಾಗ್ಲಿ."

ಲಕೋಟೆಗೆ ಅಂಟು ಹಚ್ಚಿ, ಅಂಗೈಯಿಂದ ಒತ್ತಿ, ಅವನ ಕೈಗೆ ಕೊಟ್ಟಳು.